ಹೆಸರು ಹತ್ತು, ಮರ ಆರು



ಹೋದ ತಿಂಗಳು ಪ್ರಾರ್ಥನೆಯ ಹೊತ್ತಿನಲ್ಲಿ ನಾನು ಎಲ್ಲರ ಮುಂದೆ ನಿಂತು, "ನಮ್ಮ ಶಾಲೆಯ ಆವರಣದಲ್ಲಿ ಹತ್ತು ಬಗೆಯ ಮರಗಳಿವೆ" ಎಂದು ಓದಿದ್ದು ನಿಮಗೆ ನೆನಪಿರಬಹುದು. ಆವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ನಾಲ್ಕನೇ ತರಗತಿಯ ಒಬ್ಬ ಹುಡುಗಿ ಬಂದು, "ಅಕ್ಕಾ, ನಾನು ಸುತ್ತ ಹಾಕಿ ಎಣಿಸಿದೆ. ಆರೇ ಬಗೆ ಇರೋದು. ಉಳಿದ ನಾಲ್ಕು ಎಲ್ಲಿವೆ?" ಅಂತ ಕೇಳಿದಳು. ನನಗೆ ತುತ್ತು ಗಂಟಲಲ್ಲೇ ನಿಂತುಬಿಟ್ಟಿತು. ಆ ನಾಲ್ಕು ಮರ ಎಲ್ಲಿಂದ ಬಂದವು ಎಂಬುದೇ ಈ ಲೇಖನ.

ತಪ್ಪು ಆದದ್ದು ಹೀಗೆ. ಮರಗಳ ವೈಜ್ಞಾನಿಕ ಹೆಸರು ಬರೆಯಲು ನಮ್ಮ ತರಗತಿಯಲ್ಲಿ ಎರಡು ತಂಡ ಮಾಡಿದ್ದೆವು. ನಮ್ಮ ತಂಡ ಕಪಾಟಿನ ಹಳೇ ಪುಸ್ತಕ ನೋಡಿ ಐದು ಹೆಸರು ಬರೆಯಿತು: ಪೊಂಗಾಮಿಯಾ ಗ್ಲಾಬ್ರಾ, ಮೈಕೇಲಿಯಾ ಚಂಪಕ, ಅಕೇಶಿಯಾ ನಿಲೋಟಿಕಾ, ಟ್ಯಾಮರಿಂಡಸ್ ಇಂಡಿಕಸ್, ಅಜಾಡಿರಾಕ್ಟಾ ಇಂಡಿಕಾ. ಇನ್ನೊಂದು ತಂಡ ಹೊಸ ಪುಸ್ತಕದಿಂದ ಆರು ಹೆಸರು ಬರೆಯಿತು: ಪೊಂಗಾಮಿಯಾ ಪಿನ್ನೇಟಾ, ಮ್ಯಾಗ್ನೋಲಿಯಾ ಚಂಪಕ, ವಾಚೆಲಿಯಾ ನಿಲೋಟಿಕಾ, ಟ್ಯಾಮರಿಂಡಸ್ ಇಂಡಿಕಾ, ಅಜಾಡಿರಾಕ್ಟಾ ಇಂಡಿಕಾ, ಟೆಕ್ಟೋನಾ ಗ್ರ್ಯಾಂಡಿಸ್. ನಾನು ರಾತ್ರಿ ಮನೆಯಲ್ಲಿ ಕೂತು ಎರಡನ್ನೂ ಕೂಡಿಸಿದೆ. ಹನ್ನೊಂದರಲ್ಲಿ ಬೇವು ಒಂದೇ ಎರಡು ಸಲ ಕಂಡಿತು. ಹತ್ತು ಅಂತ ಬರೆದೆ. ಮರದ ಹತ್ತಿರ ಹೋಗಿ ನೋಡಲಿಲ್ಲ.

ಒಂದು ಮರಕ್ಕೆ ಎರಡು ಹೆಸರು ಏಕೆ? ಸ್ವೀಡನ್ ದೇಶದ ವಿಜ್ಞಾನಿ ಲಿನ್ನೇಯಸ್ ಅವರು 1753ರಲ್ಲಿ ಬರೆದ ಪುಸ್ತಕದಲ್ಲಿ ಗಿಡಗಳಿಗೆಲ್ಲ ಎರಡು ಪದಗಳ ಹೆಸರು ಕೊಟ್ಟರು. ಮೊದಲ ಪದ ಅದರ ಗುಂಪಿನದು, ಎರಡನೆಯದು ಅದರದೇ ಹೆಸರು. ಮುಂದೆ ವಿಜ್ಞಾನಿಗಳು ಇನ್ನೂ ಚೆನ್ನಾಗಿ ನೋಡಿದಾಗ ಕೆಲವು ಗಿಡಗಳನ್ನು ಬೇರೆ ಗುಂಪಿಗೆ ಸೇರಿಸಿದರು. ಸಂಪಿಗೆ ಮೈಕೇಲಿಯಾದಿಂದ ಮ್ಯಾಗ್ನೋಲಿಯಾಕ್ಕೆ ಹೋಯಿತು. ಜಾಲಿ ಅಕೇಶಿಯಾದಿಂದ ವಾಚೆಲಿಯಾಕ್ಕೆ ಹೋಯಿತು. ಮನೆತನದ ಹೆಸರು ಬದಲಾಯ್ತು, ಇಟ್ಟ ಹೆಸರು ಉಳೀತು. ಹೊಂಗೆಯ ಕಥೆ ಬೇರೆ. ಅದಕ್ಕೆ ಇಬ್ಬರು ಬೇರೆ ಬೇರೆ ಕಾಲದಲ್ಲಿ ಹೆಸರಿಟ್ಟರು. ಮೊದಲು ಇಟ್ಟ ಹೆಸರಿಗೇ ಬೆಲೆ ಎಂಬುದು ನಿಯಮ. ಲಿನ್ನೇಯಸ್ 1753ರಲ್ಲೇ ಪಿನ್ನೇಟಸ್ ಅಂದಿದ್ದರಿಂದ ಪಿನ್ನೇಟಾ ಉಳಿಯಿತು, ಗ್ಲಾಬ್ರಾ ಹೋಯಿತು. ಹುಣಸೆಯದು ಮಾತ್ರ ನಮ್ಮದೇ ಕಾಗುಣಿತದ ತಪ್ಪು!

ನಮ್ಮ ವಿಜ್ಞಾನ ಮೇಷ್ಟ್ರು, "ಬಾಯಲ್ಲಿ ಹೇಳಿದರೆ ಮರೀತೀಯ. ಬಾಣದ ಗುರುತು ಹಾಕಿ ನಕ್ಷೆ ಬರಿ" ಅಂದರು. ಇದಕ್ಕೆ ಹರಿವು ನಕ್ಷೆ ಎನ್ನುತ್ತಾರೆ. ಶುರು ಮತ್ತು ಕೊನೆಗೆ ಮೊಟ್ಟೆಯಾಕಾರ, ಮಾಡುವ ಕೆಲಸಕ್ಕೆ ಆಯತ, ಪ್ರಶ್ನೆಗೆ ವಜ್ರಾಕೃತಿ. ಪ್ರತಿ ವಜ್ರಾಕೃತಿಯಿಂದ 'ಹೌದು', 'ಇಲ್ಲ' ಎಂಬ ಎರಡು ಬಾಣ ಹೊರಡಲೇಬೇಕು. ಪಕ್ಕದಲ್ಲಿ ಅಂಟಿಸಿರುವ ನಕ್ಷೆಯನ್ನು ಈ ಕ್ರಮದಲ್ಲಿ ಓದಿ.

1. ಶುರು. ಯಾವ ಪಟ್ಟಿಗೆ ಹೋಲಿಸುತ್ತೇವೆ ಎಂದು ಮೊದಲೇ ಬರೆಯಬೇಕು. ಏಕೆಂದರೆ ಹೊಂಗೆಯನ್ನು ಮಿಲೆಟ್ಟಿಯಾ ಪಿನ್ನೇಟಾ ಎಂದು ಬರೆಯುವ ಪುಸ್ತಕಗಳೂ ಇವೆ. ಲಂಡನ್ನಿನ ಕ್ಯೂ ಸಸ್ಯೋದ್ಯಾನದವರು 2017ರಿಂದ ಇಂಟರ್‌ನೆಟ್ಟಿನಲ್ಲಿ ಇಟ್ಟಿರುವ ಪಟ್ಟಿಯನ್ನು ಮೇಷ್ಟ್ರು ಫೋನಿನಲ್ಲಿ ತೆಗೆದುಕೊಟ್ಟರು.

2. ಹೆಸರು ಪಟ್ಟಿಯಲ್ಲಿ ಇದೆಯೇ? ಹೌದಾದರೆ 3ಕ್ಕೆ, ಇಲ್ಲವಾದರೆ 4ಕ್ಕೆ ಹೋಗಿ.

3. ಅದು ಈಗ ಒಪ್ಪಿರುವ ಹೆಸರೇ? ಹೌದಾದರೆ ಹಾಗೇ ಬರೆಯಿರಿ. ಇಲ್ಲವಾದರೆ ಅದು ಹಳೇ ಹೆಸರು. ಪಟ್ಟಿ ತೋರಿಸುವ ಒಪ್ಪಿದ ಹೆಸರನ್ನು ಬರೆಯಿರಿ. ಎರಡಕ್ಕೂ ಅಲ್ಲಿಗೆ ಕೊನೆ.

4. ಕಾಗುಣಿತದಲ್ಲಿ ಹತ್ತಿರದ ಹೆಸರು ಇದೆಯೇ? ಹೌದಾದರೆ 5ಕ್ಕೆ. ಇಲ್ಲವಾದರೆ 'ಕೇಳಬೇಕಾದದ್ದು' ಎಂಬ ಪಟ್ಟಿಗೆ ಹಾಕಿ.

5. ಎಲೆ, ಹೂ, ಕಾಯಿ ಆ ಹೆಸರಿಗೆ ಹೊಂದುತ್ತವೆಯೇ? ಹೌದಾದರೆ ತಿದ್ದಿ 2ಕ್ಕೆ ವಾಪಸ್ ಹೋಗಿ. ಇಲ್ಲವಾದರೆ 'ಕೇಳಬೇಕಾದದ್ದು'.

ನನ್ನ ಮೊದಲ ನಕ್ಷೆಯಲ್ಲಿ 5ನೆಯದು ಇರಲೇ ಇಲ್ಲ. 'ಹತ್ತಿರದ ಹೆಸರಿಗೆ ತಿದ್ದು' ಎಂದಷ್ಟೇ ಬರೆದಿದ್ದೆ. ಆಗ ಮೇಷ್ಟ್ರು ಎರಡು ಹೆಸರು ಬರೆದು ತೋರಿಸಿದರು: ಮೀಲಿಯಾ ಅಜಾಡಿರಾಕ್ಟಾ, ಮೀಲಿಯಾ ಅಜೆಡರಾಕ್. ನಾನು ಒಂದೇ ಅಂದುಕೊಂಡೆ. ಅಲ್ಲವಂತೆ! ಮೊದಲನೆಯದು ನಮ್ಮ ಬೇವಿಗೆ ಲಿನ್ನೇಯಸ್ ಇಟ್ಟ ಹಳೇ ಹೆಸರು. ಬೇವು ಅಜಾಡಿರಾಕ್ಟಾ ಇಂಡಿಕಾ ಆದದ್ದು 1830ರಲ್ಲಿ. ಎರಡನೆಯದು ಹುಚ್ಚುಬೇವು. ಬೇವಿನಲ್ಲಿ ಒಂದು ಕಡ್ಡಿಯ ಎರಡು ಪಕ್ಕ ಎಲೆ ಇರುತ್ತದೆ. ಹುಚ್ಚುಬೇವಿನಲ್ಲಿ ಕಡ್ಡಿಗೆ ಮತ್ತೆ ಕಡ್ಡಿ ಕವಲೊಡೆದು ಆಮೇಲೆ ಎಲೆ. ಹುಚ್ಚುಬೇವಿನ ಹಣ್ಣು ತಿಂದರೆ ವಿಷ. ಕಾಗುಣಿತ ತಿದ್ದುತ್ತೇನೆಂದು ಹೋಗಿ ಮರವನ್ನೇ ಬದಲಾಯಿಸಿದರೆ ಏನು ಗತಿ, ಯೋಚಿಸಿ.

ಇನ್ನೊಂದು ತಪ್ಪನ್ನು ನನ್ನ ಗೆಳತಿ ಹಿಡಿದಳು. ನಕ್ಷೆಯ ಮೇಲೆ ಬೆರಳಿಟ್ಟು ಹೋದವಳು 4, 5, 2 ಅಂತ ಗಾಣದೆತ್ತಿನ ಹಾಗೆ ಸುತ್ತತೊಡಗಿದಳು. "ಇದು ಮುಗಿಯೋದು ಯಾವಾಗ್ಲೇ?" ಅಂದಳು. ಅದಕ್ಕೇ ವಾಪಸ್ ಬರುವ ಬಾಣದ ಮೇಲೆ 'ಒಂದು ಸಲ ಮಾತ್ರ' ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಎರಡನೇ ಸಲವೂ ಸಿಗದಿದ್ದರೆ ಅದು 'ಕೇಳಬೇಕಾದದ್ದು'. ಊಹೆ ಮಾಡಿ ಬರೆಯುವುದಕ್ಕಿಂತ ಕೇಳುವುದು ಮೇಲು.

ಹನ್ನೊಂದು ಹೆಸರನ್ನೂ ಒಂದೊಂದಾಗಿ ಈ ದಾರಿಯಲ್ಲಿ ಬಿಟ್ಟೆವು. ಕೊನೆಗೆ ಉಳಿದದ್ದು ಹೊಂಗೆ, ಸಂಪಿಗೆ, ಜಾಲಿ, ಹುಣಸೆ, ಬೇವು, ತೇಗ. ಆರೇ! ಮರುದಿನ ಪ್ರಾರ್ಥನೆಯಲ್ಲಿ "ಹತ್ತು ಅಲ್ಲ, ಆರು. ತಪ್ಪು ನನ್ನದು" ಎಂದು ಓದಿದೆ. ಕಾಲು ನಡುಗುತ್ತಿತ್ತು. ಆ ಪುಟ್ಟ ಹುಡುಗಿ ಮುಂದಿನ ಸಾಲಿನಲ್ಲಿ ನಿಂತು ಬೆರಳು ಮಡಚಿ ಎಣಿಸುತ್ತಿದ್ದಳು. ಆರಕ್ಕೆ ನಿಲ್ಲಿಸಿ ತಲೆ ಆಡಿಸಿದಳು.

ನೀವೂ ನಿಮ್ಮ ಹಿತ್ತಲ ಗಿಡಗಳ ಹೆಸರು ಬರೆದು ತನ್ನಿ. ನಕ್ಷೆಯ ಮೇಲೆ ಬೆರಳಿಟ್ಟು ನಡೆದು ನೋಡಿ. ಎಲ್ಲಾದರೂ ದಾರಿ ತಪ್ಪಿದರೆ ನನಗೆ ಹೇಳಿ, ತಿದ್ದುತ್ತೇನೆ.

— ಏಳನೇ ತರಗತಿಯ ವಿದ್ಯಾರ್ಥಿನಿ