ತಲೆಗೂದಲು ಉದುರುವಿಕೆ: ಕಾರಣ ತಿಳಿದು ಚಿಕಿತ್ಸೆ

ಪೈರಿನ ಎಲೆ ಹಳದಿಯಾದಾಗ ಅನುಭವಸ್ಥ ರೈತನು ಕೂಡಲೇ ಔಷಧಿ ಸಿಂಪಡಿಸುವುದಿಲ್ಲ. ನೀರು ನಿಂತಿದೆಯೇ, ಸಾರಜನಕದ ಕೊರತೆಯೇ, ಬೇರಿಗೆ ರೋಗ ತಗಲಿದೆಯೇ ಎಂದು ಮೊದಲು ಪರೀಕ್ಷಿಸುತ್ತಾನೆ. ತಲೆಗೂದಲು ಉದುರುವಾಗ ಮಾತ್ರ ಈ ಎಚ್ಚರವನ್ನು ಮರೆತು ಎಣ್ಣೆ, ಶಾಂಪೂಗಳಿಗೆ ಹಣ ಸುರಿಯುವುದುಂಟು. ಇದರಿಂದ ಹಣ ನಷ್ಟವಾಗುವುದಲ್ಲದೆ, ಒಳಗಿರುವ ಕಾಯಿಲೆಯೂ ಗಮನಕ್ಕೆ ಬಾರದೆ ಉಳಿಯುತ್ತದೆ.

ಕೂದಲಿನ ಬೆಳವಣಿಗೆ

ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ಪ್ರತಿಯೊಂದು ಕೂದಲೂ 2ರಿಂದ 6 ವರ್ಷ ಬೆಳೆದು, ಸುಮಾರು 3 ತಿಂಗಳು ವಿಶ್ರಾಂತಿಯಲ್ಲಿದ್ದು ಉದುರುತ್ತದೆ. ಅದೇ ಬುಡದಿಂದ ಹೊಸ ಕೂದಲು ಹುಟ್ಟುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ.

ಡೆಂಗಿ, ಟೈಫಾಯಿಡ್‌ನಂತಹ ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ಅರೆಹೊಟ್ಟೆಯ ಊಟ ಅಥವಾ ತೀವ್ರ ಚಿಂತೆಯಿಂದ ದೇಹ ಬಳಲಿದಾಗ ಬಹಳಷ್ಟು ಕೂದಲುಗಳು ಒಮ್ಮೆಲೇ ವಿಶ್ರಾಂತಿಯ ಹಂತಕ್ಕೆ ಹೋಗುತ್ತವೆ. ಆದರೆ ಅವು ಉದುರುವುದು 2–3 ತಿಂಗಳ ನಂತರ. ಆದ್ದರಿಂದ ಕಾರಣವನ್ನು ನಿನ್ನೆ ಮೊನ್ನೆಯಲ್ಲಿ ಹುಡುಕದೆ ಮೂರು ತಿಂಗಳ ಹಿಂದೆ ಹುಡುಕಬೇಕು. ಮೂಲ ಕಾರಣ ನಿವಾರಣೆಯಾದರೆ ಈ ಬಗೆಯ ಉದುರುವಿಕೆ ಸಾಮಾನ್ಯವಾಗಿ 6 ತಿಂಗಳೊಳಗೆ ತಾನಾಗಿಯೇ ನಿಲ್ಲುತ್ತದೆ.

ನೀರಿನ ಮೇಲಿನ ದೂರು

ಮಾಗಡಿ ರಸ್ತೆಯುದ್ದಕ್ಕೂ ಇರುವ ಹಳ್ಳಿಗಳಿಂದ ಓದು, ಉದ್ಯೋಗಗಳಿಗಾಗಿ ಬೆಂಗಳೂರಿನ ಗೋವಿಂದರಾಜನಗರ, ವಿಜಯನಗರಗಳಿಗೆ ಬಂದು ನೆಲೆಸುವವರಲ್ಲಿ ‘ಇಲ್ಲಿಯ ನೀರು ಒಗ್ಗಲಿಲ್ಲ, ಕೂದಲೆಲ್ಲ ಉದುರಿತು’ ಎಂಬ ಮಾತು ಸಾಮಾನ್ಯ. ಕೊಳವೆ ಬಾವಿಯ ಗಡಸು ನೀರಿನಲ್ಲಿ ಸುಣ್ಣ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚು. ಇವು ಸಾಬೂನಿನೊಡನೆ ಸೇರಿ ಜಿಗುಟಾಗಿ ಅಂಟುವುದರಿಂದ ಕೂದಲು ಒರಟಾಗಿ ತುಂಡಾಗಬಹುದು. ಆದರೆ ಗಡಸು ನೀರು ಕೂದಲನ್ನು ಬುಡಸಹಿತ ಕೀಳುವುದಿಲ್ಲ. ಉದುರಿದ ಕೂದಲಿನ ತುದಿಯಲ್ಲಿ ಬಿಳಿಯ ಸಣ್ಣ ಗಂಟಿದ್ದರೆ ಅದು ಬುಡದಿಂದ ಬಂದದ್ದು. ಗಂಟಿಲ್ಲದಿದ್ದರೆ ನಡುವೆ ತುಂಡಾದದ್ದು. ಬುಡದಿಂದ ಬಂದಿದ್ದರೆ ನೀರನ್ನು ದೂರದೆ ಊಟ, ನಿದ್ರೆ ಮತ್ತು ಆರೋಗ್ಯದಲ್ಲಿ ಆದ ಬದಲಾವಣೆಗಳನ್ನು ಪರಿಶೀಲಿಸಬೇಕು.

ದನಕರುಗಳಿಂದ ಪಾಠ

ಕುದುರೆಗೆ ಸುಬಾಬುಲ್ ಸೊಪ್ಪನ್ನು ಹೆಚ್ಚಾಗಿ ತಿನ್ನಿಸಿದರೆ ಅದರಲ್ಲಿರುವ ಮಿಮೊಸಿನ್ ಎಂಬ ವಿಷಾಂಶದಿಂದ ಬಾಲ ಮತ್ತು ಕತ್ತಿನ ಕೂದಲು ಉದುರುತ್ತವೆ. ಕುರಿಯ ಉಣ್ಣೆಯೂ ಉದುರಬಹುದು. ಅದಕ್ಕೆ ಯಾರೂ ಎಣ್ಣೆ ಹಚ್ಚುವುದಿಲ್ಲ, ಸೊಪ್ಪನ್ನು ನಿಲ್ಲಿಸುತ್ತಾರೆ. ಮನುಷ್ಯನ ವಿಷಯದಲ್ಲೂ ಮೊದಲ ಚಿಕಿತ್ಸೆ ಕಾರಣದ ನಿವಾರಣೆಯೇ.

ಮುಖ್ಯ ಕಾರಣಗಳು

1. ರಕ್ತಹೀನತೆ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಗರ್ಭಿಣಿಯಲ್ಲದ ಮಹಿಳೆಯ ಹಿಮೋಗ್ಲೋಬಿನ್ 100 ಮಿ.ಲೀ. ರಕ್ತದಲ್ಲಿ 12 ಗ್ರಾಂಗಿಂತ ಕಡಿಮೆಯಿದ್ದರೆ ಅದನ್ನು ರಕ್ತಹೀನತೆ ಎನ್ನುತ್ತಾರೆ. ಸುಸ್ತು, ಏದುಸಿರಿನೊಂದಿಗೆ ಕೂದಲೂ ಉದುರುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸಬೇಕು. ವೈದ್ಯರು ಹೇಳಿದಷ್ಟು ಕಾಲ ಕಬ್ಬಿಣದ ಮಾತ್ರೆ ಸೇವಿಸಬೇಕು. ಹುರುಳಿ, ಸೊಪ್ಪು, ಮೊಳಕೆ ಬರಿಸಿದ ರಾಗಿ ಮತ್ತು ಕಾಳುಗಳು ಊಟದಲ್ಲಿರಲಿ. ಜೊತೆಗೆ ನಿಂಬೆರಸ ಬಳಸಿದರೆ ಕಬ್ಬಿಣಾಂಶ ಚೆನ್ನಾಗಿ ಹೀರಲ್ಪಡುತ್ತದೆ. ಊಟದೊಂದಿಗೆ ಕಾಫಿ, ಟೀ ಸಲ್ಲದು.

2. ಥೈರಾಯ್ಡ್ ತೊಂದರೆ: ಇದನ್ನೂ ರಕ್ತ ಪರೀಕ್ಷೆಯಿಂದ ತಿಳಿಯಬಹುದು.

3. ಹುಳುಕಡ್ಡಿ: ಕರುಗಳ ಕಣ್ಣಿನ ಸುತ್ತ, ಕತ್ತಿನ ಮೇಲೆ ಕಾಣುವ ಬೂದು ಬಣ್ಣದ ಹಕ್ಕಳೆಯು ಶಿಲೀಂಧ್ರ ರೋಗದ್ದಾಗಿರಬಹುದು. ಇದು ಮಕ್ಕಳ ತಲೆಗೆ ಹರಡಿ ಕೀವು ತುಂಬಿದ ಊತವಾಗಬಹುದು. ತಡಮಾಡಿದರೆ ಆ ಜಾಗದಲ್ಲಿ ಕೂದಲು ಮತ್ತೆ ಹುಟ್ಟದಿರಬಹುದು. ಮುಲಾಮು ಮಾತ್ರ ಸಾಲದು. ವೈದ್ಯರ ಸಲಹೆಯಂತೆ ಹಲವು ವಾರ ಮಾತ್ರೆ ಸೇವಿಸಬೇಕು. ರೋಗದ ಕರುವನ್ನು ಬೇರ್ಪಡಿಸಿ ಪಶುವೈದ್ಯರಿಗೆ ತೋರಿಸಬೇಕು.

4. ಬಿಲ್ಲೆಯಾಕಾರದ ಬೋಳು: ಇದನ್ನು ‘ಹುಳ ತಿಂದಿದೆ’ ಎನ್ನುವುದುಂಟು. ಇಲ್ಲಿ ಹುಳವೇನೂ ಇಲ್ಲ. ದೇಹದ ರಕ್ಷಣಾ ಶಕ್ತಿಯೇ ತಪ್ಪಾಗಿ ಕೂದಲಿನ ಬುಡದ ಮೇಲೆ ದಾಳಿ ಮಾಡುತ್ತದೆ. ಅನೇಕರಲ್ಲಿ ಕೂದಲು ಮತ್ತೆ ಬರುತ್ತದೆ. ಬೋಳಾದ ಜಾಗಕ್ಕೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುವುದು ರೂಢಿಯಲ್ಲಿದೆ. ತೀವ್ರ ಪ್ರಕರಣಗಳಿಗೆ ಬಾರಿಸಿಟಿನಿಬ್ ಮಾತ್ರೆಯು 2022ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು.

5. ಅನುವಂಶೀಯ ಬೋಳು: ಗಂಡಸರಲ್ಲಿ ಹಣೆಯ ಎರಡು ಬದಿ ಹಾಗೂ ನೆತ್ತಿಯಲ್ಲಿ ಕೂದಲು ತೆಳುವಾಗುತ್ತದೆ, ಹೆಂಗಸರಲ್ಲಿ ಬೈತಲೆ ಅಗಲವಾಗುತ್ತದೆ. ಗಂಡಸರಲ್ಲಿ ಇದಕ್ಕೆ ಡೈಹೈಡ್ರೊಟೆಸ್ಟೊಸ್ಟಿರೋನ್ ಎಂಬ ಹಾರ್ಮೋನು ಕಾರಣ. ಇದು ತಂದೆಯ ಕಡೆಯಿಂದಲೂ ತಾಯಿಯ ಕಡೆಯಿಂದಲೂ ಬರಬಹುದು.

ಆಧುನಿಕ ಚಿಕಿತ್ಸೆ

ಅನುವಂಶೀಯ ಬೋಳಿಗೆ ಹಚ್ಚುವ ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು. ಸೇವಿಸಿದವರಿಗೆ ಮೈಮೇಲೆ ಕೂದಲು ಹೆಚ್ಚಿದ್ದನ್ನು ಗಮನಿಸಿ ಅದನ್ನು ತಲೆಗೆ ಹಚ್ಚುವ ದ್ರಾವಣವನ್ನಾಗಿ ಮಾಡಲಾಯಿತು. 1988ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ದೊರೆಯಿತು. ಮೊದಲ ವಾರಗಳಲ್ಲಿ ಕೂದಲು ಇನ್ನಷ್ಟು ಉದುರಬಹುದು. ಫಲ ಕಾಣಲು 4ರಿಂದ 6 ತಿಂಗಳು ಬೇಕು. ಹಚ್ಚುವುದನ್ನು ನಿಲ್ಲಿಸಿದರೆ ಬಂದ ಕೂದಲು ಕ್ರಮೇಣ ಹೋಗುತ್ತದೆ. 1997ರಲ್ಲಿ ಬಂದ ಫಿನಾಸ್ಟರೈಡ್ ಮಾತ್ರೆ ಗಂಡಸರಿಗಾಗಿ. ಕೆಲವರಲ್ಲಿ ಲೈಂಗಿಕ ತೊಂದರೆ ಉಂಟಾಗುವುದರಿಂದ ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು. ಒಡೆದ ಮಾತ್ರೆಯನ್ನು ಗರ್ಭಿಣಿಯರು ಮುಟ್ಟಬಾರದು.

ಕೂದಲು ಕಸಿಯೆಂದರೆ ಸಸಿ ಮಡಿಯಿಂದ ಪೈರು ಕಿತ್ತು ನಾಟಿ ಮಾಡಿದಂತೆ: ತಲೆಯ ಹಿಂಭಾಗದ ಕೂದಲನ್ನು ಬುಡಸಹಿತ ತೆಗೆದು ಬೋಳಾದ ಕಡೆ ನೆಡುತ್ತಾರೆ. ಹೊಸ ಕೂದಲು ಸೃಷ್ಟಿಯಾಗುವುದಿಲ್ಲ, ಇದ್ದದ್ದೇ ಸ್ಥಳಾಂತರವಾಗುತ್ತದೆ. ಇದು ಶಸ್ತ್ರಚಿಕಿತ್ಸೆ, ತರಬೇತಿ ಪಡೆದ ನೋಂದಾಯಿತ ವೈದ್ಯರೇ ಮಾಡಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಸೂಚಿಸಿದೆ. ಜಾಹೀರಾತು ನೋಡಿ, ಸಾಲ ಮಾಡಿ ಇದಕ್ಕೆ ಮುಂದಾಗಬಾರದು.

ಮನೆಯಲ್ಲಿಯೇ ಪರೀಕ್ಷೆ

ಒಂದು ದಿನ ತಲೆ ತೊಳೆಯದೆ, 50–60 ಕೂದಲುಗಳ ಎಳೆಯನ್ನು ಬೆರಳುಗಳಲ್ಲಿ ಹಿಡಿದು ಮೆಲ್ಲನೆ ಎಳೆಯಬೇಕು. 6ಕ್ಕಿಂತ ಹೆಚ್ಚು ಕೂದಲು ಕೈಗೆ ಬಂದರೆ ಉದುರುವಿಕೆ ಹೆಚ್ಚಾಗಿದೆ ಎಂದರ್ಥ. ಆಗ ಕಳೆದ 3 ತಿಂಗಳ ಕಾಯಿಲೆ, ಔಷಧಿ, ಊಟಗಳ ವಿವರ ಬರೆದುಕೊಂಡು ಸರ್ಕಾರಿ ಆಸ್ಪತ್ರೆಯ ಚರ್ಮರೋಗ ತಜ್ಞರನ್ನು ಕಾಣುವುದು ಉತ್ತಮ. ವಿಸ್ತರಣಾ ಕಾರ್ಯಕರ್ತರು ಮಹಿಳಾ ಸಭೆಗಳಲ್ಲಿ ಈ ವಿಷಯವನ್ನು ತಿಳಿಸಿ, ರಕ್ತ ಪರೀಕ್ಷೆಗೆ ಪ್ರೋತ್ಸಾಹಿಸಬೇಕು. ಮಣ್ಣು ಪರೀಕ್ಷೆ ಮಾಡಿಸಿ ಗೊಬ್ಬರ ಹಾಕುವಂತೆ, ರಕ್ತ ಪರೀಕ್ಷೆ ಮಾಡಿಸಿ ಚಿಕಿತ್ಸೆ ಪಡೆಯುವುದೇ ಲಾಭದಾಯಕ.