ಮಾಮೂಲ್‌ಪೇಟೆಯ ಲೇಸು, ಫ್ಲಾಟ್ ರೇಟಿನ ಸಾಲ

ಬೆಂಗಳೂರಿನ ಮಾಮೂಲ್‌ಪೇಟೆಯ ಹೋಲ್‌ಸೇಲ್ ಅಂಗಡಿಯಲ್ಲಿ ಆರು ಗುಂಡಿ ಕೊಡಿ ಎಂದರೆ ಯಾರೂ ತಲೆ ಎತ್ತುವುದಿಲ್ಲ. ಅಲ್ಲಿ ಗ್ರೋಸ್ ಲೆಕ್ಕ, 144. ಲೇಸು, ಬಾರ್ಡರು ರೋಲಿನಲ್ಲಿ. ಎರಡು ಬ್ಲೌಸಿಗೆ ಬೇಕಾದ ಲೇಸಿಗಾಗಿ ಇಡೀ ರೋಲು ಕೊಂಡು ಮಿಕ್ಕಿದ್ದನ್ನು ಮಂಚದ ಕೆಳಗೆ ತಳ್ಳುವುದರಿಂದಲೇ ಎಷ್ಟೋ ಡಿಸೈನರುಗಳ ವ್ಯಾಪಾರ ಶುರುವಾಗುತ್ತದೆ.

ಈ ಅಂಕಣಕಾರನ ಅಣ್ಣನ ಮಗಳದ್ದೂ ಹಾಗೇ. ಚಾಮರಾಜಪೇಟೆಯ ಮನೆಯ ಮುಂದಿನ ಕೋಣೆ, ಎರಡು ಮಿಷನ್ನು, ಒಬ್ಬ ಮಾಸ್ಟರು. 2023ರಲ್ಲಿ ಮದುವೆ ಸೀಸನ್ನಿಗೆಂದು ಒಂದು ಫೈನಾನ್ಸ್ ಕಂಪನಿಯಿಂದ 5 ಲಕ್ಷ ಸಾಲ ತೆಗೆದಳು. "ಬರೀ 12 ಪರ್ಸೆಂಟು ಚಿಕ್ಕಪ್ಪ, ಮೂರು ವರ್ಷ, ಅಡವೂ ಬೇಡ" ಎಂದು ಕಾಗದ ತೋರಿಸಿದಾಗ ಸಹಿ ಆಗಿಹೋಗಿತ್ತು.

ಆ 12ರ ಪಕ್ಕದಲ್ಲಿ 'ಫ್ಲಾಟ್' ಎಂದಿತ್ತು.

ಲೆಕ್ಕ ನೋಡಿ. ವರ್ಷಕ್ಕೆ 60 ಸಾವಿರದಂತೆ ಮೂರು ವರ್ಷಕ್ಕೆ ಬಡ್ಡಿ 1.8 ಲಕ್ಷ. ಕಂತು 18,889 ರೂಪಾಯಿ: ಅದರಲ್ಲಿ ಅಸಲು 13,889, ಬಡ್ಡಿ 5,000. ಮೊದಲ ತಿಂಗಳು 5 ಲಕ್ಷಕ್ಕೆ 5,000 ಬಡ್ಡಿ, ಒಪ್ಪೋಣ. ಕೊನೆಯ ತಿಂಗಳು ಉಳಿದಿರುವುದು 13,889 ಮಾತ್ರ, ಅದಕ್ಕೂ 5,000! ಇಳಿಯುತ್ತಾ ಹೋಗುವ ಬಾಕಿಯ ಮೇಲೆ 12 ಪರ್ಸೆಂಟಾಗಿದ್ದರೆ ಕಂತು 16,607, ಒಟ್ಟು ಬಡ್ಡಿ ಸುಮಾರು 98 ಸಾವಿರ. ವ್ಯತ್ಯಾಸ 82 ಸಾವಿರ. ಅವಳು ನಿಜಕ್ಕೂ ಕಟ್ಟುತ್ತಿದ್ದ ದರ 21 ಪರ್ಸೆಂಟು ದಾಟುತ್ತದೆ. ಇದರ ಮೇಲೆ ಪ್ರೊಸೆಸಿಂಗ್ ಫೀ 2 ಪರ್ಸೆಂಟು, ಅದಕ್ಕೆ ಜಿಎಸ್‌ಟಿ. ಕೈಗೆ ಬಂದದ್ದು 4,88,200. ಕೈಗೇ ಬಾರದ 11,800ಕ್ಕೂ ಮೂರು ವರ್ಷ ಬಡ್ಡಿ.

ಫ್ಲಾಟ್ ರೇಟು ಎನ್ನುವುದು ದರವೇ ಅಲ್ಲ, ಜಾಹೀರಾತು. ಗಣಿತ ಬಲ್ಲವರು ಅದನ್ನು ಮುಖಕ್ಕೆ ಹೇಳಲು ನಾಚಬೇಕು.

ಹಣ ಎಲ್ಲಿ ಹೋಯಿತು? ಒಂದಿಷ್ಟು ಲೇಸಿಗೆ, ಒಂದಿಷ್ಟು ಎಕ್ಸಿಬಿಷನ್ ಸ್ಟಾಲಿಗೆ. ದೊಡ್ಡ ಪಾಲು ಬೊಟಿಕ್ಕುಗಳಲ್ಲಿ ಕನ್ಸೈನ್‌ಮೆಂಟಿಗೆ ನೇತುಬಿದ್ದ ಲೆಹಂಗಾಗಳಲ್ಲಿ. ಲೆಹಂಗಾ ಮಾರಿದ ಮೇಲೆ ದುಡ್ಡು, ಕಂತು ಮಾತ್ರ ಪ್ರತಿ ತಿಂಗಳು ಐದನೇ ತಾರೀಖು. ಮಾರಾಟಕ್ಕೆ ಇನ್ನೊಂದು ಹೊರೆ: 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿ ಮೀರಿದ ಉಡುಪಿಗೆ ಜಿಎಸ್‌ಟಿ 12ರಿಂದ 18 ಪರ್ಸೆಂಟಿಗೆ ಏರಿದೆ.

ಹೀಗೆ ಸೀಸನ್ನಿನ ಹಿಂದೆ ಓಡದೆ ನಿಧಾನವಾಗಿ ಬೆಳೆಯುವ ದಾರಿಯೂ ಬೆಂಗಳೂರಿನಲ್ಲೇ ಇದೆ. ಚಿಮ್ಮಿ ನಂಜಪ್ಪ ಮತ್ತು ಮಗಳು ಪವಿತ್ರಾ ಮುದ್ದಯ್ಯ 1974ರಲ್ಲಿ ವಿಮೋರ್ ಎಂಬ ಸೀರೆ ಸಂಸ್ಥೆ ಶುರುಮಾಡಿದರು. ಹಳೆಯ ಸೀರೆಗಳ ವಿನ್ಯಾಸವನ್ನು ನೇಕಾರರ ಕೈಗೆ ಮತ್ತೆ ಕೊಟ್ಟು, ಅದನ್ನು ಬೇರೆಯವರಿಗೂ ನೇಯ್ದು ಮಾರಿಕೊಳ್ಳಲು ಬಿಟ್ಟರು. ವಿಕ್ಟೋರಿಯಾ ಲೇಔಟಿನಲ್ಲಿ ಈಗ ಅವರದೊಂದು ಜವಳಿ ಮ್ಯೂಸಿಯಂ ಇದೆ. ಐವತ್ತು ವರ್ಷ ಬಾಳಿದ ಹೆಸರು ಒಂದೇ ಸೀಸನ್ನಿನಲ್ಲಿ ಹುಟ್ಟುವುದಿಲ್ಲ.

ಇನ್ನು ಅಭ್ಯಾಸದ ಮಾತು, ಬೈಸಿಕೊಂಡರೂ ಹೇಳಬೇಕು. ಮನೆಯ ಖಾತೆ ಬೇರೆ, ಅಂಗಡಿಯ ಖಾತೆ ಬೇರೆ ಇರಲಿ. ಅರ್ಧ ಅಡ್ವಾನ್ಸ್ ಬಾರದೆ ಬಟ್ಟೆಗೆ ಕತ್ತರಿ ಹಾಕಬೇಡಿ, ಸೋದರತ್ತೆಯ ಮಗಳ ಮದುವೆಯಾದರೂ ಸರಿ. ಮಾಸ್ಟರಿಗೆ ಸಂಬಳ ಬರೆಯುವವರು ತಮ್ಮ ಸಂಬಳವನ್ನೂ ಬರೆದಿಡಿ.

ಸಾಲ ಬೇಕೇ ಬೇಕೆಂದರೆ ಮೊದಲು ಬ್ಯಾಂಕಿನಲ್ಲಿ ಸಣ್ಣ ಉದ್ಯಮಕ್ಕೆಂದಿರುವ ಸರ್ಕಾರದ ಮುದ್ರಾ ಯೋಜನೆಯ ಸಾಲ ಕೇಳಿ. ಕಿಶೋರ್ ವರ್ಗದಲ್ಲಿ 5 ಲಕ್ಷದವರೆಗೆ ಸಿಗುತ್ತದೆ. ಯಾರೇ ಕೊಡಲಿ, ಸಹಿಗೆ ಮುಂಚೆ ಕೆಎಫ್‌ಎಸ್ ಎಂಬ, ಸಾಲದ ಮುಖ್ಯ ವಿವರಗಳ ಹಾಳೆಯನ್ನು (ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್) ಕೇಳಿ ಪಡೆಯಿರಿ. 2024ರ ಅಕ್ಟೋಬರ್ 1ರಿಂದ ಚಿಲ್ಲರೆ ಸಾಲಕ್ಕೂ ಸಣ್ಣ ಉದ್ಯಮದ ಅವಧಿ ಸಾಲಕ್ಕೂ ಅದನ್ನು ಕೊಡಲೇಬೇಕೆಂದು ರಿಸರ್ವ್ ಬ್ಯಾಂಕು ಆದೇಶಿಸಿದೆ. ಅದರಲ್ಲಿ ಎಪಿಆರ್, ಅಂದರೆ ಶುಲ್ಕವೂ ಸೇರಿದ ನಿಜವಾದ ವಾರ್ಷಿಕ ದರ, ಎಂಬ ಸಾಲೊಂದನ್ನು ಓದಿ, ಆಮೇಲೆ ಪೆನ್ನು ತೆಗೆಯಿರಿ.