ಮಂಗಳೂರು: ಐತಿಹಾಸಿಕ ಗುರುತುಗಳು

ನೇತ್ರಾವತಿ ಮತ್ತು ಗುರುಪುರ ನದಿಗಳು ಅರಬ್ಬಿ ಸಮುದ್ರ ಸೇರುವಲ್ಲಿ ಬೆಳೆದ ಮಂಗಳೂರು ಆಳುಪರ ರಾಜಧಾನಿಗಳಲ್ಲೊಂದು. ಕದ್ರಿ ದೇವಾಲಯದ ಕಂಚಿನ ಲೋಕೇಶ್ವರ ವಿಗ್ರಹವನ್ನು ಕ್ರಿ.ಶ. 968ರಲ್ಲಿ ಆಳುಪ ದೊರೆ ಕುಂದವರ್ಮ ಪ್ರತಿಷ್ಠಾಪಿಸಿದನೆಂದು ಅದರ ಪೀಠದ ಶಾಸನ ತಿಳಿಸುತ್ತದೆ. 14ನೇ ಶತಮಾನದಲ್ಲಿ ಇಲ್ಲಿಗೆ ಬಂದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಈ ಬಂದರನ್ನು ‘ಮಂಜರೂರ್’ ಎಂದು ಕರೆದಿದ್ದಾನೆ.

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಬಳಿಕ ಮಂಗಳೂರು ಮೈಸೂರಿಗೆ ಸೇರಿ, ಅದರ ನೌಕಾಬಲದ ನೆಲೆಯಾಯಿತು. 1784ರ ಮಾರ್ಚ್ 11ರಂದು ಟಿಪ್ಪು ಸುಲ್ತಾನ್ ಮತ್ತು ಬ್ರಿಟಿಷರ ನಡುವೆ ಆದ ಮಂಗಳೂರು ಒಪ್ಪಂದ ಎರಡನೇ ಆಂಗ್ಲೋ-ಮೈಸೂರು ಯುದ್ಧವನ್ನು ಕೊನೆಗೊಳಿಸಿತು. ಶತ್ರು ನೌಕೆಗಳು ಗುರುಪುರ ನದಿಯನ್ನು ಪ್ರವೇಶಿಸದಂತೆ ಟಿಪ್ಪು ಬೋಳೂರಿನಲ್ಲಿ ಕಟ್ಟಿಸಿದ ಕಾವಲು ಬುರುಜೇ ಸುಲ್ತಾನ್ ಬತ್ತೇರಿ. 1799ರಲ್ಲಿ ನಗರ ಬ್ರಿಟಿಷರ ವಶವಾಯಿತು.

1837ರ ಏಪ್ರಿಲ್‌ನಲ್ಲಿ ಅಮರ ಸುಳ್ಯದ ರೈತ ಹೋರಾಟಗಾರರು ಮಂಗಳೂರನ್ನು ವಶಪಡಿಸಿಕೊಂಡು ತಮ್ಮ ಬಾವುಟ ಹಾರಿಸಿದ ಸ್ಥಳ ಬಾವುಟಗುಡ್ಡ. 2022ರಲ್ಲಿ ಅಲ್ಲಿ ಹೋರಾಟದ ನಾಯಕ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಸ್ಥಾಪನೆಯಾಯಿತು.

1834ರಲ್ಲಿ ಬಾಸೆಲ್ ಮಿಷನ್ ಇಲ್ಲಿ ಕಾರ್ಯ ಆರಂಭಿಸಿತು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ. ಆ ದಿನವನ್ನು ರಾಜ್ಯದಲ್ಲಿ ಪತ್ರಿಕಾ ದಿನವಾಗಿ ಆಚರಿಸಲಾಗುತ್ತದೆ. 1865ರಲ್ಲಿ ಇದೇ ಮಿಷನ್ ಜೆಪ್ಪುವಿನಲ್ಲಿ ತೆರೆದ ಕಾರ್ಖಾನೆಯಿಂದ ಮಂಗಳೂರು ಹೆಂಚು ಪ್ರಸಿದ್ಧವಾಯಿತು.